ಓದುಗರ ಸ್ಪಂದನ: ಗೃಹಕೂಟದ ಭಾರವೆಲ್ಲ ಒಬ್ಬರ ಮೇಲೆಯೇ ಬಿದ್ದಾಗ

ತಮ್ಮ ಕ್ರೈಸ್ತ ಸಭೆಯ ಗೃಹಕೂಟವೊಂದನ್ನು, ಅಂದರೆ ಸಭೆಯ ಕೆಲವರು ಮನೆಯೊಂದರಲ್ಲಿ ಸೇರುವ ಚಿಕ್ಕ ಕೂಟವನ್ನು, ನಡೆಸುತ್ತಿರುವ ಸಹೋದರಿಯೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಸಂಕಟವನ್ನು ತೋಡಿಕೊಂಡಿದ್ದರು. 8 ಮಂದಿಯಿಂದ ಆರಂಭವಾದ ಕೂಟ ಈಗ 19 ಮಂದಿಗೆ ಬೆಳೆದಿದೆ. ಹಾಡು, ಪ್ರಾರ್ಥನೆ, ಸತ್ಯವೇದ (ಬೈಬಲ್) ಅಧ್ಯಯನ, ಬಾರದವರ ವಿಚಾರಣೆ ಎಲ್ಲವೂ ಅವರೊಬ್ಬರ ಪಾಲಿಗೇ ಬಂದಿವೆ. ಇಬ್ಬರು ಮಾತನಾಡುತ್ತಾರೆ, ಉಳಿದವರು ಕೇಳುತ್ತ ಕುಳಿತಿರುತ್ತಾರೆ. ಪ್ರಾರ್ಥನೆಗೆಂದು ಒಬ್ಬರು ಹೇಳಿಕೊಂಡ ಮನೆಯ ಕಷ್ಟ ಭಾನುವಾರದ ಹೊತ್ತಿಗೆ ಸಭೆಗೆಲ್ಲ ತಿಳಿದುಹೋಗಿತ್ತು. ಎರಡು ಕೂಟ ಮಾಡೋಣವೆಂದರೆ, "ನಮ್ಮ ಅನ್ಯೋನ್ಯತೆಯನ್ನು ಒಡೆಯುತ್ತೀರಾ?" ಎಂದು ಕೆಲವರು ನೊಂದುಕೊಂಡಿದ್ದಾರೆ. "ನಾನು ಈ ಜವಾಬ್ದಾರಿಯನ್ನು ಬಿಟ್ಟುಬಿಡಲೇ?" ಎಂಬ ಅವರ ಪ್ರಶ್ನೆಗೆ ಬಂದ ಉತ್ತರಗಳಲ್ಲಿ ನಾಲ್ಕು ಇಲ್ಲಿವೆ.

ಪ್ರಿಯ ಸಹೋದರಿಯವರಿಗೆ ವಂದನೆಗಳು. ಜವಾಬ್ದಾರಿಯನ್ನು ಬಿಡುವ ಮೊದಲು, ನೀವು ಹೊತ್ತಿರುವ ಕೆಲಸಗಳಲ್ಲಿ ನಿಜವಾಗಿ ನಿಮ್ಮದು ಯಾವುದು, ಇಡೀ ಕೂಟಕ್ಕೆ ಸೇರಿದ್ದು ಯಾವುದು ಎಂದು ಬೇರ್ಪಡಿಸಿ ನೋಡಿ. ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಜನರ ನ್ಯಾಯ ತೀರಿಸುತ್ತಿದ್ದ ಮೋಶೆಗೆ ಅವನ ಮಾವ ಇತ್ರೋ ಕೊಟ್ಟ ಎಚ್ಚರಿಕೆ ವಿಮೋಚನಕಾಂಡದ 18ನೆಯ ಅಧ್ಯಾಯದಲ್ಲಿದೆ. ಹೀಗೆಯೇ ಮುಂದುವರಿದರೆ ಮೋಶೆಯೂ ಬಳಲುತ್ತಾನೆ, ಅವನ ಸಂಗಡ ಇರುವ ಜನರೂ ಬಳಲುತ್ತಾರೆ ಎಂದು ಆ ಹಿರಿಯನು ಹೇಳಿದನು. ಈ ಮಾತಿನ ಮೊದಲ ಅರ್ಧ ಎಲ್ಲರಿಗೂ ನೆನಪಿರುತ್ತದೆ, ಎರಡನೆಯ ಅರ್ಧ ಮರೆತುಹೋಗುತ್ತದೆ. ಎಲ್ಲವನ್ನೂ ಒಬ್ಬರೇ ಮಾಡುವ ಕೂಟದಲ್ಲಿ ಉಳಿದವರು ಬರೀ ಪ್ರೇಕ್ಷಕರಾಗಿ ಸೊರಗುತ್ತಾರೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕೆಲಸ ಹಂಚುವಾಗ "ಯಾರಾದರೂ ಹಾಡು ನಡೆಸುತ್ತೀರಾ?" ಎಂದು ಕೂಟದ ನಡುವೆ ಕೇಳಬೇಡಿ. ಎಲ್ಲರೂ ತಲೆ ತಗ್ಗಿಸುತ್ತಾರೆ, ಕೊನೆಗೆ ನೀವೇ ಹಾಡುತ್ತೀರಿ. ಒಬ್ಬರನ್ನು ಪಕ್ಕಕ್ಕೆ ಕರೆದು, "ಮುಂದಿನ ವಾರಕ್ಕೆ ಎರಡು ಹಾಡುಗಳನ್ನು ನೀವು ಆರಿಸಿಕೊಂಡು ಬನ್ನಿ" ಎಂದು ಹೇಳಿ. ಕೆಲಸ ಚಿಕ್ಕದಾಗಿರಲಿ, ಅದರ ಅವಧಿಯೂ ಗೊತ್ತಿರಲಿ. ಅವರು ತಡವರಿಸಿದರೂ ಆ ಕೆಲಸವನ್ನು ಅವರ ಕೈಯಿಂದ ಹಿಂದಕ್ಕೆ ತೆಗೆದುಕೊಳ್ಳಬೇಡಿ, ಏಕೆಂದರೆ ಒಮ್ಮೆ ಹಿಂದಕ್ಕೆ ತೆಗೆದುಕೊಂಡರೆ ಎರಡನೆಯ ಸಲ ಯಾರೂ ಮುಂದೆ ಬರುವುದಿಲ್ಲ.

ಹೆಚ್ಚು ಮಾತನಾಡುವ ಆ ಇಬ್ಬರ ವಿಷಯ ಬೇರೆ. ಅವರಿಗೆ ಉತ್ಸಾಹವಿದೆ; ಅದನ್ನು ಎಲ್ಲರೆದುರಿಗೆ ತಡೆದರೆ ಅವಮಾನವಾಗುತ್ತದೆ. ಅವರೊಡನೆ ಪ್ರತ್ಯೇಕವಾಗಿ ಮಾತನಾಡಿ, ಮೌನವಾಗಿರುವವರ ಬಾಯಿಯಿಂದ ಮಾತು ಹೊರಡಿಸಲು ನಿಮಗೆ ನೆರವಾಗುವಂತೆ ಕೇಳಿಕೊಳ್ಳಿ. ಕೂಟದಲ್ಲಿ ಅವರನ್ನು ನಿಮ್ಮ ಎದುರಿಗೆ ಕೂರಿಸದೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಎದುರಿಗಿದ್ದವರ ಕಣ್ಣು ಪ್ರತಿ ಪ್ರಶ್ನೆಗೂ ನಿಮ್ಮ ಕಣ್ಣನ್ನು ಸಂಧಿಸುತ್ತದೆ, ಒಡನೆಯೇ ಉತ್ತರ ಬಂದುಬಿಡುತ್ತದೆ. ಎದುರಿನ ಜಾಗ ಮೌನವಾಗಿರುವವರಿಗೆ ಇರಲಿ.

ಪ್ರಶ್ನೆ ಕೇಳುವ ಬಗೆಯನ್ನೂ ಸ್ವಲ್ಪ ಗಮನಿಸಿ. ಮಾರ್ಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿರುವ ಕುರುಡ ಬಾರ್ತಿಮಾಯನ ಭಾಗವನ್ನು ಓದಿದ ಮೇಲೆ "ಇದರಿಂದ ನಾವು ಕಲಿಯುವ ಪಾಠವೇನು?" ಎಂದು ಕೇಳಿದರೆ ಸತ್ಯವೇದವನ್ನು ಚೆನ್ನಾಗಿ ಬಲ್ಲವರು ಮಾತ್ರ ಬಾಯಿ ತೆರೆಯುತ್ತಾರೆ. "ಜನರು ಗದರಿಸಿದಾಗ ಅವನು ಏನು ಮಾಡಿದನು?" ಎಂದು ಕೇಳಿ ನೋಡಿ. ಇನ್ನೂ ಹೆಚ್ಚಾಗಿ ಕೂಗಿದನು ಎಂಬ ಉತ್ತರ ಪುಟದ ಮೇಲೆಯೇ ಇದೆ, ಮೊದಲ ಸಲ ಬಂದವರೂ ಹೇಳಬಲ್ಲರು. ಅದಾದ ಮೇಲೆ "ನಿಮ್ಮ ಪ್ರಾರ್ಥನೆಯನ್ನು ಯಾರಾದರೂ ಗದರಿಸಿ ಸುಮ್ಮನಾಗಿಸಿದ್ದುಂಟೇ?" ಎಂದು ಕೇಳಿ, ಉತ್ತರ ಬಾರದಿದ್ದರೆ ಆ ಮೌನವನ್ನು ನೀವೇ ಮಾತಿನಿಂದ ತುಂಬಿಸದೆ ಕಾಯಿರಿ. ಮಾತಿಗೆ ಅಭ್ಯಾಸವಿಲ್ಲದವರು ಪದಗಳನ್ನು ಕೂಡಿಸಿಕೊಳ್ಳಲು ಅಷ್ಟು ಹೊತ್ತು ಬೇಕಾಗುತ್ತದೆ.
– ಗೃಹಕೂಟದ ನಾಯಕಿಯೊಬ್ಬರು

ಈ ಸಹೋದರಿಯ ಪತ್ರದಲ್ಲಿ ಸಭಾಪಾಲಕರ ಹೆಸರೇ ಬರುವುದಿಲ್ಲ. ನಿವೃತ್ತ ಸಭಾಪಾಲಕನಾದ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಇದೇ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1742ರಲ್ಲಿ, ಮೆಥೋಡಿಸ್ಟ್ ಚಳವಳಿಯನ್ನು ಆರಂಭಿಸಿದ ಬೋಧಕ ಜಾನ್ ವೆಸ್ಲಿಯವರ ಅನುಯಾಯಿಗಳು ಪ್ರಾರ್ಥನಾ ಮಂದಿರದ ಸಾಲ ತೀರಿಸುವುದಕ್ಕಾಗಿ ವಾರಕ್ಕೊಂದು ಪೆನ್ನಿ ಕೊಡುವುದೆಂದು ತೀರ್ಮಾನಿಸಿದರು. ಅದನ್ನು ಸಂಗ್ರಹಿಸಲು ಸದಸ್ಯರನ್ನು ಸುಮಾರು 12 ಮಂದಿಯ ಗುಂಪುಗಳಾಗಿ ಮಾಡಿ, ಪ್ರತಿ ಗುಂಪಿಗೆ ಒಬ್ಬ ನಾಯಕನನ್ನು ನೇಮಿಸಲಾಯಿತು. ಹಣಕ್ಕಾಗಿ ಮನೆಮನೆಗೆ ಹೋದ ನಾಯಕರ ಕಣ್ಣಿಗೆ ಜನರ ನಿಜವಾದ ಬದುಕು ಬಿತ್ತು. ಸಾಲ ತೀರಿಸುವ ಏರ್ಪಾಡು ಆತ್ಮಗಳನ್ನು ಪರಾಮರಿಸುವ ಏರ್ಪಾಡಾಗಿ ಬದಲಾಯಿತು. 1743ರ ನಿಯಮಗಳ ಪ್ರಕಾರ ನಾಯಕನಿಗೆ ಎರಡು ಕರ್ತವ್ಯಗಳಿದ್ದವು. ತನ್ನ ಗುಂಪಿನ ಪ್ರತಿಯೊಬ್ಬರನ್ನೂ ವಾರಕ್ಕೊಮ್ಮೆಯಾದರೂ ಕಂಡು ವಿಚಾರಿಸುವುದು ಮೊದಲನೆಯದು. ವಾರಕ್ಕೊಮ್ಮೆ ಸಭೆಯ ಸೇವಕರನ್ನು ಭೇಟಿಯಾಗಿ, ಕಾಯಿಲೆ ಬಿದ್ದವರ ಮತ್ತು ಸರಿಯಾಗಿ ನಡೆಯದವರ ವಿಷಯವನ್ನು ಅವರಿಗೆ ತಿಳಿಸುವುದು ಎರಡನೆಯದು.

ನಮ್ಮ ಸಭೆಗಳು ಮೊದಲನೆಯದನ್ನು ನಾಯಕರಿಂದ ನಿರೀಕ್ಷಿಸಿ, ಎರಡನೆಯದನ್ನು ಬಿಟ್ಟುಬಿಟ್ಟಿವೆ. ಪರರನ್ನು ವಿಚಾರಿಸುವವರನ್ನು ವಿಚಾರಿಸುವವರು ಯಾರು? ಸಹೋದರಿಯವರೇ, ನಿಮ್ಮ ಸಭಾಪಾಲಕರ ಬಳಿಗೆ ಹೋಗಿ, ಗೃಹಕೂಟಗಳ ನಾಯಕರೆಲ್ಲರನ್ನೂ ತಿಂಗಳಿಗೊಮ್ಮೆಯಾದರೂ ಕೂಡಿಸಬೇಕೆಂದು ಕೇಳಿ. ಆ ಕೂಟದಲ್ಲಿ ಎಷ್ಟು ಮಂದಿ ಬಂದರೆಂಬ ವರದಿಗಿಂತ ಮೊದಲು ನಾಯಕರಿಗಾಗಿ ಪ್ರಾರ್ಥನೆ ನಡೆಯಲಿ. ಇದು ಉಪಕಾರವನ್ನು ಬೇಡಿದಂತಾಗುವುದಿಲ್ಲ, ಸಭಾಪಾಲಕರು ನಿಮಗೆ ಸಲ್ಲಿಸಬೇಕಾದ ಸೇವೆಯೇ ಆಗಿದೆ. ಸೇವೆಯ ಕೆಲಸಕ್ಕಾಗಿ ವಿಶ್ವಾಸಿಗಳನ್ನು ಸಿದ್ಧಗೊಳಿಸುವುದಕ್ಕೇ ಸಭಾಪಾಲಕರನ್ನು ಕೊಡಲಾಗಿದೆ ಎಂದು ಎಫೆಸದವರಿಗೆ ಬರೆದ ಪತ್ರದ 4ನೆಯ ಅಧ್ಯಾಯ ಸ್ಪಷ್ಟವಾಗಿ ಹೇಳುತ್ತದೆ.
– ನಿವೃತ್ತ ಸಭಾಪಾಲಕರು

ಕೂಟದಲ್ಲಿ ಹೇಳಿಕೊಂಡ ಗುಟ್ಟು ಹೊರಬಿದ್ದ ವಿಷಯವಾಗಿ ಮಾತ್ರ ಬರೆಯುತ್ತಿದ್ದೇನೆ. ಇಂಥ ಮಾತು ಹರಡುವುದು ಹೆಚ್ಚಾಗಿ ಪ್ರಾರ್ಥನಾ ವಿನಂತಿಯ ರೂಪದಲ್ಲಿಯೇ. "ಅವರಿಗಾಗಿ ನೀವೂ ಪ್ರಾರ್ಥಿಸಿ" ಎಂದು ಹೇಳುವವರಿಗೆ ತಾವು ಚಾಡಿ ಹೇಳುತ್ತಿದ್ದೇವೆಂಬ ಅರಿವೂ ಇರುವುದಿಲ್ಲ. ಆದ್ದರಿಂದ ಪ್ರಾರ್ಥನಾ ವಿನಂತಿಗಳನ್ನು ಹಂಚಿಕೊಳ್ಳುವ ಮುನ್ನ, ಇಲ್ಲಿ ಕೇಳಿದ್ದನ್ನು ಹೇಳಿದವರ ಅಪ್ಪಣೆಯಿಲ್ಲದೆ ಹೊರಗೆ ಪ್ರಾರ್ಥನೆಗೂ ಒಯ್ಯಬಾರದು ಎಂಬ ಒಪ್ಪಂದವನ್ನು ಪ್ರತಿ ಸಲವೂ ಬಾಯಿ ಬಿಟ್ಟು ಹೇಳಿರಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೆಸರು ಹಾಕಿ ವಿನಂತಿ ಬರೆಯುವುದನ್ನು ನಿಲ್ಲಿಸಿ. ಒಂದು ವಿನಾಯಿತಿಯನ್ನೂ ಮೊದಲೇ ತಿಳಿಸಿರಬೇಕು: ಯಾರದಾದರೂ ಪ್ರಾಣಕ್ಕೆ ಅಪಾಯವಿದ್ದರೆ, ಅಥವಾ ಮಗುವಿಗಾಗಲಿ ಮನೆಯವರಿಗಾಗಲಿ ಹಿಂಸೆಯಾಗುತ್ತಿದ್ದರೆ, ಅದನ್ನು ಗುಟ್ಟಾಗಿ ಇಡುತ್ತೇವೆಂದು ಮಾತು ಕೊಡಲಾಗದು, ನೆರವು ನೀಡಬಲ್ಲವರಿಗೂ ಅಧಿಕಾರಿಗಳಿಗೂ ತಿಳಿಸಲೇಬೇಕು. ನೊಂದ ಆ ವ್ಯಕ್ತಿಯ ಮನೆಗೆ ನೀವು ಹೋಗಿ ಬಂದಿದ್ದೀರೋ ಇಲ್ಲವೋ ಪತ್ರದಲ್ಲಿಲ್ಲ. ಹೋಗಿರದಿದ್ದರೆ ಈ ವಾರವೇ ಹೋಗಿ ಬನ್ನಿ.
– ಆಪ್ತ ಸಮಾಲೋಚನೆಯಲ್ಲಿ ತೊಡಗಿರುವ ಓದುಗರು

ಕೂಟವನ್ನು ಎರಡು ಮಾಡುವುದಕ್ಕೆ ನಾನು ಹಿಂದೇಟು ಹಾಕುವುದಿಲ್ಲ. 19 ಮಂದಿ ತಲಾ ಮೂರು ನಿಮಿಷ ಮಾತನಾಡಿದರೂ ಸುಮಾರು ಒಂದು ಗಂಟೆ ಬೇಕು. ಆ ಲೆಕ್ಕದಲ್ಲಿ ಯಾರಾದರೂ ಮೌನವಾಗಿರಲೇಬೇಕಾಗುತ್ತದೆ. ಆದರೆ ನೊಂದುಕೊಂಡವರ ಮಾತನ್ನು ತಳ್ಳಿಹಾಕಬೇಡಿ. ಒಬ್ಬರನ್ನೊಬ್ಬರು ಪ್ರೀತಿಸುವುದನ್ನು ಕಲಿಸಿದವರು ನೀವೇ, ಅವರು ಕಲಿತಿದ್ದಾರೆ. ಅಗಲಿಕೆ ಅವರಿಗೆ ನೋಯುವುದು ಸಹಜವೇ.

ಅಂತಿಯೋಕ್ಯದ ಸಭೆಗೆ ಬಾರ್ನಬ ಮತ್ತು ಸೌಲರಂಥ ಬೋಧಕರಿದ್ದರು. ಅಪೊಸ್ತಲರ ಕೃತ್ಯಗಳ 13ನೆಯ ಅಧ್ಯಾಯದಲ್ಲಿ ಆ ಸಭೆಯವರು ಉಪವಾಸವಿದ್ದು, ಪ್ರಾರ್ಥಿಸಿ, ಅವರಿಬ್ಬರ ಮೇಲೆ ಕೈಗಳನ್ನಿಟ್ಟು ಬೇರೆ ಊರುಗಳ ಸುವಾರ್ತಾ ಸೇವೆಗೆ ಕಳುಹಿಸಿಕೊಟ್ಟರು. ನೀವೂ ಹಾಗೆಯೇ ಮಾಡಿ. ಯಾರು ಎಲ್ಲಿಗೆ ಎಂಬ ಪಟ್ಟಿಯನ್ನು ಮೊದಲೇ ಓದಿಬಿಡಬೇಡಿ. ಮೊದಲು ಒಬ್ಬ ಸಹಾಯಕ ನಾಯಕನನ್ನೋ ನಾಯಕಿಯನ್ನೋ ಆರಿಸಿ, ಅವರಿಂದ ಅಧ್ಯಯನ ನಡೆಸಿಸಿ, ಮುಗಿದ ಮೇಲೆ ಇಬ್ಬರೇ ಕುಳಿತು ಅದರ ಬಗ್ಗೆ ಮಾತನಾಡಿ. ಬಳಿಕ ಕೆಲವು ವಾರ ಅದೇ ಮನೆಯಲ್ಲಿ ಹಾಡು ಮತ್ತು ಅಧ್ಯಯನ ಎಲ್ಲರಿಗೂ ಒಟ್ಟಾಗಿ ನಡೆಯಲಿ, ಪ್ರಾರ್ಥನೆ ಮಾತ್ರ ಎರಡು ಕೋಣೆಗಳಲ್ಲಿ ನಡೆಯಲಿ. ಜನ ಹೊಸ ನಾಯಕರ ದನಿಗೆ ಒಗ್ಗಿಕೊಂಡ ಮೇಲೆ ಎರಡನೆಯ ಮನೆಯನ್ನು ಗೊತ್ತುಮಾಡಿ. ಆತ್ಮೀಯರು ಇಬ್ಬರು ಮೂವರಾದರೂ ಜೊತೆಯಾಗಿ ಹೋಗುವಂತೆ ನೋಡಿಕೊಳ್ಳಿ. ವಿಧವೆಯರು, ವಯಸ್ಸಾದವರು, ಇತ್ತೀಚೆಗೆ ಮನೆಯವರನ್ನು ಕಳೆದುಕೊಂಡವರು ಬಯಸಿದರೆ ಇದ್ದಲ್ಲಿಯೇ ಇರಲಿ. ತಿಂಗಳಿಗೊಮ್ಮೆ ಎರಡೂ ಕೂಟಗಳು ಕೂಡಿ ಆರಾಧಿಸಲಿ.

ಹೊಸ ಕೂಟದಲ್ಲಿ ಏನಾದರೂ ಹಿಡಿಸದಿದ್ದಾಗ ಹಳೆಯ ಸದಸ್ಯರು ಮೊದಲು ಫೋನ್ ಮಾಡುವುದು ನಿಮಗೇ. ಅವರ ಮಾತನ್ನು ಪ್ರೀತಿಯಿಂದ ಕೇಳಿಸಿಕೊಳ್ಳಿ. ಆದರೆ ತೀರ್ಮಾನ ಹೇಳದೆ, ಹೊಸ ನಾಯಕರೊಡನೆಯೇ ಮಾತನಾಡುವಂತೆ ಅವರನ್ನು ಕಳುಹಿಸಿಕೊಡಿ.
– ಸಭೆಯ ಹಿರಿಯರೊಬ್ಬರು