ಎಂಟ್ರೇನ್‌ಮೆಂಟ್: ತಾಳ ಹಾಕು, ತಾಳ ಹಿಡಿ, ತಾಳ ಕೂಡು?

ಬಳಗದವರಿಗೆ ನಮಸ್ಕಾರ.

ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ) ಇರುವ ಮಕ್ಕಳಿಗೆ ತಾಳದ ಆಸರೆಯಲ್ಲಿ ನಡಿಗೆ ಕಲಿಸುವ ಬಗ್ಗೆ ಶಿರಸಿ ಕಡೆಯ ಪಾಲಕರಿಗಾಗಿ ಒಂದು ಕೈಪಿಡಿ ಸಿದ್ಧವಾಗುತ್ತಿದೆ. 1990ರ ದಶಕದಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಮೈಕೆಲ್ ಥೌಟ್ ಮತ್ತು ಸಂಗಡಿಗರು ಬೆಳೆಸಿದ ಕ್ರಮ ಅದು. ಅದರ ಹೆಸರಿಗೆ ‘ಲಯಬದ್ಧ ಶ್ರವಣ ಪ್ರಚೋದನೆ’ ಎಂದರೆ ಪೇಪರ್ ಓದುವವರಿಗೆ ಭಾಷಣ, ಗಲಾಟೆ, ಪೊಲೀಸು ನೆನಪಾಗುತ್ತದೆ. ಹಾಗಾಗಿ ‘ತಾಳದ ಆಸರೆ’ ಎಂದು ಬದಲಿಸಿಯಾಯಿತು. ತೊಡಕಿರುವುದು ‘ಎಂಟ್ರೇನ್‌ಮೆಂಟ್’ ಪದಕ್ಕೆ ಕನ್ನಡ ಹುಡುಕುವುದರಲ್ಲಿ.

ಸಮ ಅಂತರದಲ್ಲಿ ಪೆಟ್ಟು ಕೇಳುತ್ತಿದ್ದರೆ ಮುಂದಿನದು ಯಾವಾಗ ಎಂದು ಮಿದುಳು ಮೊದಲೇ ಅಂದಾಜು ಮಾಡುತ್ತದೆ, ಕಾಲು ಅದಕ್ಕೆ ತಾನಾಗಿ ಹೊಂದುತ್ತದೆ. ಮಗು ಎಣಿಸಬೇಕಿಲ್ಲ. ಇದಕ್ಕೆ ‘ತಾಳ ಹಾಕು’ ಎಂದರೆ ಹೌದಪ್ಪನ ಕೆಲಸವಾಯಿತು. ‘ತಾಳಕ್ಕೆ ಕುಣಿ’ ಇನ್ನೂ ಕಡೆ. ‘ಲಯವಾಗು’ ಎಂದರೆ ಇಲ್ಲವಾಗು. ಮಗುವಿನ ಬಗ್ಗೆ ಬೇಡವೇ ಬೇಡ. ‘ತಾಳ ಹಿಡಿ’ ವಾಸಿ, ಆದರೆ ಅದು ಬೇಕೆಂದು ಮಾಡುವ ಕೆಲಸ.

ಪದ ಕೂರಬೇಕಾದ ಜಾಗ ಇದು: “ಮೊದಲು ತಾಳವಿಲ್ಲದೆ ನಡೆಸಿ, 30 ಸೆಕೆಂಡಿನ ಹೆಜ್ಜೆ ಎಣಿಸಿ. 42 ಬಂದರೆ ನಿಮಿಷಕ್ಕೆ 84. ಮೆಟ್ರೋನೋಮ್ (ಸಮ ಅಂತರದಲ್ಲಿ ಟಕ್ ಟಕ್ ಎನ್ನುವ ಸಾಧನ) 84ಕ್ಕೇ ಇಟ್ಟು ಶುರುಮಾಡಿ. ಹೆಜ್ಜೆ ತಾಳಕ್ಕೆ ______ ಮೇಲಷ್ಟೇ 88ಕ್ಕೆ ಏರಿಸಿ.” ಇಲ್ಲಿ ಅರ್ಥ ತಪ್ಪಿದರೆ ಪಾಲಕರು ನೇರ 100ಕ್ಕೆ ಹೋಗುತ್ತಾರೆ. ಬಿಗಿತವಿರುವ ಸ್ನಾಯುವನ್ನು ಬೇಗ ಎಳೆದಷ್ಟೂ ಅದು ಇನ್ನಷ್ಟು ಬಿಗಿಯುತ್ತದೆ; ಹೆಜ್ಜೆ ಗಿಡ್ಡವಾಗಿ ಮಗು ತುದಿಗಾಲಲ್ಲಿ ಓಡತೊಡಗುತ್ತದೆ.

ಕುಮಟಾದಿಂದ ಉತ್ತರ:

ಶ್ರುತಿ ಕೂಡಿತು ಅನ್ನುತ್ತೇವಲ್ಲ, ಹಾಗೇ ‘ತಾಳಕ್ಕೆ ಕೂಡಿದ ಮೇಲಷ್ಟೇ’ ಎಂದಿಡಿ. ಕೂಡಿಸುವುದು ಬೇರೆ, ಕೂಡುವುದು ಬೇರೆ. ಪಾಲಕರು ಕೂಡಿಸಲು ಹೋಗಿ ಕೈಹಿಡಿದು ಎಳೆಯುತ್ತಾರೆ. ಇಲ್ಲಿ ಕಾಲೇ ಕೂಡಬೇಕು. ಕೂಡಿದ್ದರ ಗುರುತನ್ನೂ ಪಕ್ಕದಲ್ಲೇ ಬರೆಯಿರಿ: ಪಾದ ಪೆಟ್ಟಿನ ಜೊತೆಗೇ ಊರುತ್ತದೆ. ಪ್ರತಿ ಸಲ ಪೆಟ್ಟಾದ ಮೇಲೆ ಊರಿದರೆ ಮಗು ಕೇಳಿ ಕೇಳಿ ಹೆಜ್ಜೆಯಿಡುತ್ತಿದೆ ಎಂದರ್ಥ, ಇನ್ನೂ ಕೂಡಿಲ್ಲ.

ನಮ್ಮ ಕಡೆ ತಾಳ ಎಂದರೆ ಯಕ್ಷಗಾನವೇ ನೆನಪಾಗುವುದರಿಂದ ಎರಡು ಮಾತು ಸೇರಿಸಿ. ಚಂಡೆ ಬೇಡ, ಫಕ್ಕನೆ ಬೀಳುವ ಸದ್ದಿಗೆ ಈ ಮಕ್ಕಳು ಬೆಚ್ಚಿ ಮೈಯೆಲ್ಲ ಸೆಟೆಸುತ್ತಾರೆ. ಮದ್ದಳೆಯ ಮೆತ್ತನೆಯ ಪೆಟ್ಟು ಸಾಕು. ತ್ರಿವುಡೆಯೂ ಬೇಡ. ಏಳಕ್ಷರ ಎರಡು ಕಾಲಿಗೆ ಸಮವಾಗಿ ಹಂಚಿಕೆಯಾಗುವುದಿಲ್ಲ. ಒಂದು ಸುತ್ತಿನ ಮೊದಲ ಪೆಟ್ಟು ಬಲಗಾಲಿಗೆ ಬಿದ್ದರೆ ಮುಂದಿನದು ಎಡಕ್ಕೆ. ಏಕತಾಳವೇ ಸರಿ.

ಪೆಟ್ಟನ್ನು ಸಣ್ಣದು ಮಾಡುತ್ತ, ನಡುನಡುವೆ ನಿಲ್ಲಿಸುತ್ತ, ಹೆಜ್ಜೆ ಹಾಗೇ ಉಳಿಯಿತೇ ಎಂದು ನೋಡುವ ಕೊನೆಯ ಹಂತಕ್ಕೂ ಹೆಸರು ಬೇಕಾದೀತು. ‘ತಾಳ ಬಿಡಿಸುವುದು’ ಎನ್ನಬಹುದು, ಮೊಲೆ ಬಿಡಿಸಿದ ಹಾಗೆ.