ಪಾರಿವಾಳದ್ದೂ ಹಾಲೇ? ಫಲಕಕ್ಕೆ ಪದ ಬೇಕು

ಪ್ರಶ್ನೆ: ಪಾರಿವಾಳವನ್ನೂ ಕಂದು ಇಲಿಯನ್ನೂ ಹೋಲಿಸುವ ಫಲಕ ನಾಳೆ ಅಚ್ಚಿಗೆ ಹೋಗಬೇಕು. ಇಲಿಯನ್ನು ಅದರಲ್ಲಿ 'ದಂಶಕ' (ಇಲಿ, ಅಳಿಲುಗಳ ಗುಂಪು, ರೋಡೆಂಟ್) ಎಂದು ಬರೆದಿದ್ದೇವೆ. ಎರಡೂ ಮರಿಗೆ ಮೈಯಲ್ಲೇ ಆಹಾರ ತಯಾರಿಸುತ್ತವೆ. ಎರಡಕ್ಕೂ ಪ್ರೊಲ್ಯಾಕ್ಟಿನ್ ಹಾರ್ಮೋನೇ ಪ್ರೇರಣೆ. ಇಲಿಯದು ಹಾಲು, ಸರಿ. ಪಾರಿವಾಳದ ಗಂಟಲಚೀಲದ ಒಳಪದರದಿಂದ ಕೊಬ್ಬು ತುಂಬಿದ ಜೀವಕೋಶಗಳು ಕಳಚಿ, ಒಡೆದ ಹಾಲಿನಂತೆ ಗರಣೆಗರಣೆಯಾಗಿ ಬರುತ್ತದಲ್ಲ, ಅದಕ್ಕೆ ಏನೆನ್ನೋಣ? 'ಕಪೋತದುಗ್ಧ' ಎಂಬ ಸಲಹೆ ಬಂದಿದೆ. ಜಾಗ ಇರುವುದು 8 ಅಕ್ಷರಕ್ಕೆ.

ಉತ್ತರ: ಬೇಡವೇ ಬೇಡ. ದುಗ್ಧ ಎಂದರೆ ಕರೆದದ್ದು, 'ದುಹ್' ಧಾತು. ಪಾರಿವಾಳವನ್ನು ಕರೆಯುವವರು ಯಾರು? ಸ್ತನ್ಯವಂತೂ ಇನ್ನೂ ಅಧ್ವಾನ. ಬರಿಯ 'ಹಾಲು' ಸಾಕು. ಎಕ್ಕದ ಹಾಲು, ಕಳ್ಳಿಹಾಲು, ಕಾಯಿಹಾಲು ಅನ್ನುವಾಗ ಯಾರೂ ಕೆಚ್ಚಲು ಹುಡುಕುವುದಿಲ್ಲ.

ಉತ್ತರ: ವಾದ ಸರಿ, ಫಲಕಕ್ಕೆ ಒಗ್ಗದು. ಇಲಿಯ ಪಕ್ಕದಲ್ಲೇ ಬರಿಯ 'ಹಾಲು' ಕಂಡರೆ ಹಕ್ಕಿಗೂ ಮೊಲೆಯುಂಟೇನೋ ಅನ್ನಿಸುತ್ತದೆ. ಇಲಿಯಲ್ಲಿ ಊಡುವುದು ತಾಯಿಯೊಂದೇ, ಸುಮಾರು 3 ವಾರ. ಪಾರಿವಾಳದಲ್ಲಿ ಗಂಡೂ ಊಡುತ್ತದೆ, ಹೆಣ್ಣೂ ಊಡುತ್ತದೆ. ಮರಿಗೆ ಮೊದಲ ಕೆಲವು ದಿನ ಅದೇ ಗತಿ, ಆಮೇಲೆ ನೆನೆದ ಕಾಳು ಬೆರೆಯುತ್ತ ಹೋಗುತ್ತದೆ. ಪ್ರೋಟೀನು, ಕೊಬ್ಬು ಧಾರಾಳ. ಇಲಿಯ ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ ಮಾತ್ರ ಇಲ್ಲ. ಮರಿ ತನ್ನ ಕೊಕ್ಕನ್ನು ದೊಡ್ಡದರ ಬಾಯೊಳಗೆ ತೂರಿಸಿ ಪಡೆಯುತ್ತದೆ. ಇದಕ್ಕೆ ಗುಟುಕು ಎಂಬ ಮಾತು ಇದ್ದೇ ಇದೆಯಲ್ಲ. 'ಗುಟುಕುಹಾಲು' ಎಂದು ಬರೆಯಿರಿ.

ಉತ್ತರ: ಹುಳು ತಂದು ಮರಿಯ ಬಾಯಿಗಿಡುವುದೂ ಗುಟುಕೇ. ವ್ಯತ್ಯಾಸ ಎಲ್ಲಿ ಉಳಿಯಿತು?

ಉತ್ತರ: 'ಹಾಲು' ಸೇರಿಸಿದ್ದು ಅದಕ್ಕೇ. ಪದವನ್ನು ಪೂರ್ತಿ ಓದಿ.

ಉತ್ತರ: ಇಷ್ಟೆಲ್ಲ ಅಚ್ಚಗನ್ನಡ ಮಾಡಿ ಲ್ಯಾಕ್ಟೋಸ್, ದಂಶಕ ಏಕೆ ಉಳಿಸಿಕೊಳ್ಳುತ್ತೀರಿ? ಹಾಲುಸಕ್ಕರೆ ಅನ್ನಿ. ದಂಶಕ ಕಿತ್ತುಹಾಕಿ, ಕಚ್ಚುವುದಕ್ಕೂ ಕೊರೆಯುವುದಕ್ಕೂ ಅಂತರವಿದೆ. ಬಾಚಿಹಲ್ಲು ಬದುಕಿರುವಷ್ಟು ಕಾಲ ಬೆಳೆಯುತ್ತಲೇ ಇರುವ ಪ್ರಾಣಿ ಅದು, ಕೊರೆಯದೆ ವಿಧಿಯಿಲ್ಲ. 'ಕೊರೆಹಲ್ಲಿ' ಅನ್ನಬಹುದು.

ಉತ್ತರ: ಸಕ್ಕರೆ ಶರ್ಕರದ ತದ್ಭವ, ಪಾರಿವಾಳ ಪಾರಾವತದ ತದ್ಭವ. ಎರವಲನ್ನೆಲ್ಲ ತೆಗೆಯುತ್ತ ಹೋದರೆ ಫಲಕದಲ್ಲಿ ಇಲಿಯೊಂದೇ ಉಳಿದೀತು. 'ಕೊರೆಹಲ್ಲಿ' ಕೇಳಿದವರು ಹಲ್ಲಿಯ ಜಾತಿ ಅಂದುಕೊಳ್ಳುತ್ತಾರೆ. ದಂಶಕ ಪಠ್ಯಪುಸ್ತಕದಲ್ಲೇ ಇದೆ, ಮುಟ್ಟಬೇಡಿ. ಕೇಳಿದವರಿಗೆ: ಆ ಸಾಲಿನ ತಲೆಬರಹ 'ಹಾಲು' ಅಂತಿದ್ದರೆ ಬದಲಿಸಿ 'ಮರಿಯ ಮೊದಲ ಆಹಾರ' ಮಾಡಿ. ಇಲಿಯ ಕೆಳಗೆ 'ತಾಯಿಹಾಲು', ಪಾರಿವಾಳದ ಕೆಳಗೆ 'ಗುಟುಕುಹಾಲು'. ಎರಡೂ 8 ಅಕ್ಷರದೊಳಗೆ ಕೂರುತ್ತವೆ.