ಮಳೆಗಾಲಕ್ಕೆ ಮೊದಲು ಫ್ಲೂ ಲಸಿಕೆ ಹಾಕಿಸಬೇಕೇ? ಪುಣೆಯಲ್ಲಿರುವವರ ಸಲಹೆ ಬೇಕು

ಪ್ರಶ್ನೆ: ಕೋಥ್ರೂಡದ ಗೃಹಿಣಿ

ಎಲ್ಲರಿಗೂ ನಮಸ್ಕಾರ. ನಾವು ಧಾರವಾಡದ ಕಡೆಯವರು. ಒಂಬತ್ತು ವರ್ಷಗಳಿಂದ ಪುಣೆಯ ಕೋಥ್ರೂಡದಲ್ಲಿ ನೆಲೆಸಿದ್ದೇವೆ. ಮನೆಯಲ್ಲಿ ನಾನು, ಹಿಂಜವಡಿಯ ಕಂಪನಿಯೊಂದರಲ್ಲಿ ಕೆಲಸ ಮಾಡುವ ನನ್ನ ಪತಿ, ಬಾಲವಾಡಿಗೆ ಹೋಗುವ ನಾಲ್ಕು ವರ್ಷದ ಮಗ ಮತ್ತು ಅರವತ್ತೆಂಟು ವರ್ಷದ ಅತ್ತೆಯವರು ಇದ್ದೇವೆ. ಅತ್ತೆಯವರಿಗೆ ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ. ಮೂರು ವರ್ಷಗಳ ಹಿಂದೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿದ್ದೇವೆ.

ಕಳೆದ ಮಳೆಗಾಲದಲ್ಲಿ, ಗಣಪತಿ ಹಬ್ಬದ ಗದ್ದಲ ಮುಗಿಯುವ ಹೊತ್ತಿಗೆ ಮಗನಿಗೆ ಜ್ವರ ಬಂತು. ಅವನು ನಾಲ್ಕೇ ದಿನಗಳಲ್ಲಿ ಎದ್ದು ಆಡತೊಡಗಿದ. ಆದರೆ ಅದೇ ಜ್ವರ ಅತ್ತೆಯವರಿಗೆ ತಗುಲಿ, ನ್ಯುಮೋನಿಯಾಕ್ಕೆ ತಿರುಗಿ, ಅವರು ಆರು ದಿನ ಆಸ್ಪತ್ರೆಯಲ್ಲಿ ಇರಬೇಕಾಯಿತು. ಪರೀಕ್ಷೆ ಮಾಡಿಸಿದಾಗ ಅದು ಇನ್‌ಫ್ಲುಯೆಂಜಾ (ಫ್ಲೂ) ಎಂದೇ ತಿಳಿದುಬಂತು. ಈ ವರ್ಷ ನಮ್ಮ ಮನೆಯ ವೈದ್ಯರು, ಮೇ ತಿಂಗಳು ಮುಗಿಯುವುದರೊಳಗೆ ನಾಲ್ವರೂ ಫ್ಲೂ ಲಸಿಕೆ ಹಾಕಿಸಿಕೊಳ್ಳಿ ಎಂದು ಹೇಳಿದ್ದಾರೆ. ಅವರ ಕ್ಲಿನಿಕ್‌ನಲ್ಲಿ ಒಬ್ಬರಿಗೆ ಸುಮಾರು ಎರಡು ಸಾವಿರ ರೂಪಾಯಿ ಆಗುತ್ತದೆ.

ಹಣದ ಮಾತು ಒಂದು ಕಡೆ ಇರಲಿ, ನನ್ನನ್ನು ತಡೆಯುತ್ತಿರುವ ಸಂಗತಿಗಳು ಬೇರೆ. ನನ್ನ ಮೈದುನ ಎರಡು ವರ್ಷಗಳ ಹಿಂದೆ ಈ ಲಸಿಕೆ ಹಾಕಿಸಿಕೊಂಡಿದ್ದರೂ ಆ ವರ್ಷ ಎರಡು ಸಲ ನೆಗಡಿ-ಜ್ವರದಿಂದ ಮಲಗಿದ್ದರು; ಹೀಗಾಗಿ ಇದರಿಂದ ಏನೂ ಪ್ರಯೋಜನವಿಲ್ಲವೆಂದು ಅವರು ಖಂಡಿತವಾಗಿ ಹೇಳುತ್ತಾರೆ. ಇನ್ನು ಅತ್ತೆಯವರ ಭಯ ಬೇರೆಯೇ ಇದೆ. 2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ಸುತ್ತಮುತ್ತ ಕೈಕಾಲುಗಳ ಬಲ ಹೋಗುವ ಜಿಬಿಎಸ್ (ಗಿಲ್ಲೆನ್-ಬಾರೆ ಸಿಂಡ್ರೋಮ್) ಎಂಬ ನರಗಳ ಕಾಯಿಲೆ ಹರಡಿದ್ದು ನಿಮಗೆ ನೆನಪಿರಬಹುದು. ನಮ್ಮ ಬಂಧುಗಳ ನೆರೆಮನೆಯವರೊಬ್ಬರು ವಾರಗಟ್ಟಲೆ ವೆಂಟಿಲೇಟರ್ ಮೇಲಿದ್ದುದನ್ನು ಅತ್ತೆಯವರು ಹತ್ತಿರದಿಂದ ಕಂಡಿದ್ದಾರೆ. ಫ್ಲೂ ಲಸಿಕೆಯಿಂದಲೂ ಅದೇ ಕಾಯಿಲೆ ಬರುತ್ತದೆಂದು ಯಾರೋ ಹೇಳಿದಂದಿನಿಂದ ಅವರು ಸೂಜಿಯ ಮಾತನ್ನೇ ಎತ್ತಗೊಡುವುದಿಲ್ಲ. ಜೂನ್‌ನಲ್ಲಿ ಪಂಢರಪುರಕ್ಕೆ ಹೊರಟ ಸಂತರ ಪಾಲಖಿ (ಪಲ್ಲಕ್ಕಿ ಮೆರವಣಿಗೆ) ಪುಣೆಗೆ ಬಂದು ತಂಗಿದಾಗ ಅದರೊಡನೆ ನಡೆಯುವ ವಾರಕರಿ ಭಕ್ತರಿಗೆ ಊಟ ಬಡಿಸುವ ಸೇವೆಯನ್ನು ಅವರು ಯಾವ ವರ್ಷವೂ ತಪ್ಪಿಸಿಲ್ಲ; ಈ ವರ್ಷವೂ ತಪ್ಪಿಸುವುದಿಲ್ಲ. ಆ ಜನಸಂದಣಿಯನ್ನು ನೆನೆದರೆ ನನಗೆ ದಿಗಿಲಾಗುತ್ತದೆ.

ಅತ್ತೆಯವರೊಬ್ಬರಿಗೆ ಹಾಕಿಸಿದರೆ ಸಾಕೇ, ಎಲ್ಲರೂ ಹಾಕಿಸಿಕೊಳ್ಳಬೇಕೇ, ಅಥವಾ ಯಾರಿಗೂ ಬೇಡವೇ? ಅನುಭವವಿದ್ದವರು ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ 1: ನಿವೃತ್ತ ಶುಶ್ರೂಷಕಿ, ಪಿಂಪ್ರಿ

ತಂಗಿ, ನಿಮ್ಮ ಪ್ರಶ್ನೆ ಓದಿದಾಗ ನನಗೆ 2009ರ ಆಗಸ್ಟ್ ನೆನಪಾಯಿತು. ಆ ತಿಂಗಳ 3ರಂದು ಇದೇ ಪುಣೆಯಲ್ಲಿ 14 ವರ್ಷದ ವಿದ್ಯಾರ್ಥಿನಿಯೊಬ್ಬಳು ಎಚ್‌1ಎನ್‌1 ಎಂಬ ಫ್ಲೂ ಜ್ವರದಿಂದ ತೀರಿಕೊಂಡಳು. ದೇಶದಲ್ಲಿ ಆ ಜ್ವರಕ್ಕೆ ಮೊದಲು ಬಲಿಯಾದವಳು ಅವಳೇ. ಮರುದಿನದಿಂದ ಮಹಾನಗರಪಾಲಿಕೆಯ ನಾಯಡು ಆಸ್ಪತ್ರೆಯ ಮುಂದೆ ನಿಂತ ಸಾಲುಗಳನ್ನು ನಾನು ಕಣ್ಣಾರೆ ಕಂಡವಳು. ಮಾಸ್ಕ್ ಸಿಗದೆ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಮಕ್ಕಳನ್ನು ಎತ್ತಿಕೊಂಡು ಜನ ಮಳೆಯಲ್ಲೇ ನಿಂತಿರುತ್ತಿದ್ದರು. ಶಾಲೆಗಳು, ಚಿತ್ರಮಂದಿರಗಳು ಮುಚ್ಚಿದವು. ಆಗ ನಮ್ಮ ಕೈಯಲ್ಲಿ ಆ ವೈರಸ್‌ಗೆ ಲಸಿಕೆ ಇರಲಿಲ್ಲ. ಮರುವರ್ಷ, 2010ರಲ್ಲಿ, ಇಲ್ಲಿಯದೇ ಸೀರಂ ಇನ್‌ಸ್ಟಿಟ್ಯೂಟ್ ಮೂಗಿಗೆ ಸಿಂಪಡಿಸುವ ಲಸಿಕೆಯನ್ನು ಹೊರತಂದಿತು. ಅಂದಿನಿಂದ ನಾನು ಒಂದು ವರ್ಷವೂ ಫ್ಲೂ ಲಸಿಕೆ ತಪ್ಪಿಸಿಲ್ಲ.

ನಿಮ್ಮ ವೈದ್ಯರು ಮೇ ತಿಂಗಳೆಂದು ಹೇಳಿದ್ದಕ್ಕೆ ಕಾರಣವಿದೆ. ಶ್ರೀನಗರದಂಥ ಊರುಗಳಲ್ಲಿ ಫ್ಲೂ ಏರುವುದು ಚಳಿಗಾಲದಲ್ಲಿ. ಆದರೆ ನಮ್ಮ ಪುಣೆ, ಮುಂಬೈ ಕಡೆ ಅದು ಮುಖ್ಯವಾಗಿ ಮಳೆಯ ಜೊತೆಗೆ, ಜುಲೈನಿಂದ ಸೆಪ್ಟೆಂಬರ್‌ವರೆಗೆ ಏರುತ್ತದೆ. ಲಸಿಕೆ ಹಾಕಿಸಿದ ಮೇಲೆ ದೇಹದಲ್ಲಿ ರಕ್ಷಣೆ ಮೂಡಲು ಎರಡು ವಾರ ಬೇಕು. ತಿಂಗಳುಗಳು ಕಳೆದಂತೆ ಆ ರಕ್ಷಣೆ ಇಳಿಯುತ್ತಲೂ ಹೋಗುತ್ತದೆ. ಆದ್ದರಿಂದ ಅಮೆರಿಕದವರನ್ನು ನೋಡಿ ಅಕ್ಟೋಬರ್‌ವರೆಗೆ ಕಾದರೆ ನಮ್ಮ ಮುಖ್ಯ ಅಲೆ ದಾಟಿಯೇ ಹೋಗಿರುತ್ತದೆ. ಪಾಲಖಿ ಬರುವುದಕ್ಕೆ ಎರಡು ವಾರ ಮೊದಲೇ ಅತ್ತೆಯವರಿಗೆ ಹಾಕಿಸಿದರೆ ಅವರ ಸೇವೆಗೂ ಅಡ್ಡಿಯಿಲ್ಲ, ನಿಮಗೂ ನೆಮ್ಮದಿ.

ಒಂದು ಎಚ್ಚರಿಕೆಯನ್ನು ನನ್ನ ಅನುಭವದಿಂದಲೇ ಹೇಳುತ್ತೇನೆ. ಈ ವೈರಸ್ ರೂಪ ಬದಲಿಸುತ್ತಲೇ ಇರುವುದರಿಂದ ಲಸಿಕೆಯಲ್ಲಿ ಯಾವ ತಳಿಗಳಿರಬೇಕೆಂಬುದನ್ನು ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ ಸೂಚಿಸುತ್ತದೆ: ಉತ್ತರ ಗೋಳಾರ್ಧಕ್ಕೆ ಫೆಬ್ರವರಿಯಲ್ಲಿ, ದಕ್ಷಿಣ ಗೋಳಾರ್ಧಕ್ಕೆ ಸೆಪ್ಟೆಂಬರ್‌ನಲ್ಲಿ. ನಮಗೆ ಮಳೆಗಾಲದ ಮುಂಚೆ ಬೇಕಾದದ್ದು ಆ ವರ್ಷದ ದಕ್ಷಿಣ ಗೋಳಾರ್ಧದ ಲಸಿಕೆ. ಕೆಲವು ವರ್ಷಗಳ ಹಿಂದೆ ಒಂದು ಕ್ಲಿನಿಕ್‌ನಲ್ಲಿ ನನ್ನ ಅಕ್ಕನಿಗೆ ಹಿಂದಿನ ಋತುವಿನಲ್ಲಿ ಉಳಿದಿದ್ದ ಡೋಸನ್ನು ಕೊಟ್ಟಿದ್ದರು; ಮನೆಗೆ ಬಂದು ಪೆಟ್ಟಿಗೆಯನ್ನು ಓದಿದ ಮೇಲೆಯೇ ಅದು ನಮ್ಮ ಗಮನಕ್ಕೆ ಬಂತು. ಆದ್ದರಿಂದ ಸೂಜಿ ಚುಚ್ಚುವ ಮೊದಲೇ ಪೆಟ್ಟಿಗೆಯನ್ನು ಕೇಳಿ ಪಡೆದು, ಅದರ ಮೇಲೆ ಅಚ್ಚಾಗಿರುವ ವರ್ಷವನ್ನೂ ಗೋಳಾರ್ಧವನ್ನೂ ಅವಧಿ ಮುಗಿಯುವ ದಿನಾಂಕವನ್ನೂ ನೋಡಿ. ಲಸಿಕೆಯನ್ನು 2ರಿಂದ 8 ಡಿಗ್ರಿ ಶಾಖದಲ್ಲೇ ಇಡಬೇಕಾದ್ದರಿಂದ ಅಂಗಡಿಯಿಂದ ಕೊಂಡು ಬಿಸಿಲಲ್ಲಿ ಹೊತ್ತೊಯ್ಯುವುದಕ್ಕಿಂತ ಕ್ಲಿನಿಕ್‌ನಲ್ಲಿ ಫ್ರಿಜ್‌ನಿಂದ ನೇರವಾಗಿ ತೆಗೆದು ಕೊಡುವುದೇ ಒಳ್ಳೆಯದು.

ಅತ್ತೆಯವರ ವಿಷಯದಲ್ಲಿ ನನಗೆ ಎರಡನೆಯ ಯೋಚನೆಯೇ ಇಲ್ಲ. ಫ್ಲೂ ಎಂದರೆ ಮೂಗು ಸೋರುವುದಷ್ಟೇ ಅಲ್ಲ. ಕೆನಡಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಇನ್‌ಫ್ಲುಯೆಂಜಾ ದೃಢಪಟ್ಟ ಮೊದಲ ಏಳು ದಿನಗಳಲ್ಲಿ ಹೃದಯಾಘಾತದ ಸಂಭವ ಸುಮಾರು ಆರು ಪಟ್ಟು ಹೆಚ್ಚಿರುವುದು ಕಂಡುಬಂತು. ಸ್ಟೆಂಟ್ ಹಾಕಿಸಿಕೊಂಡಿರುವ, ಸಕ್ಕರೆ ಕಾಯಿಲೆಯಿರುವ, ಒಮ್ಮೆ ನ್ಯುಮೋನಿಯಾ ಕಂಡಿರುವ ಹಿರಿಯರಿಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಅವರ ಹೃದ್ರೋಗ ತಜ್ಞರನ್ನೂ ಒಮ್ಮೆ ಕೇಳಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಚುಚ್ಚುವವರಿಗೆ ಮೊದಲೇ ತಿಳಿಸಿ, ಚುಚ್ಚಿದ ಜಾಗವನ್ನು ಉಜ್ಜದೆ ಎರಡು ನಿಮಿಷ ಒತ್ತಿ ಹಿಡಿಯಿರಿ.

ಉತ್ತರ 2: ವಾಕಡದ ಎಂಜಿನಿಯರ್

ನಾನು ಸ್ವಲ್ಪ ಭಿನ್ನವಾಗಿ ಯೋಚಿಸುತ್ತೇನೆ. ದಯವಿಟ್ಟು ತಪ್ಪು ತಿಳಿಯಬೇಡಿ. ಅತ್ತೆಯವರಿಗೆ ಲಸಿಕೆ ಬೇಕೆಂಬುದನ್ನು ಒಪ್ಪುತ್ತೇನೆ. ಆದರೆ ಮೂವತ್ತೈದರ ಆಸುಪಾಸಿನ, ಬೇರೆ ಕಾಯಿಲೆಯಿಲ್ಲದ ಗಂಡ-ಹೆಂಡತಿ ಪ್ರತಿ ವರ್ಷ ನಾಲ್ಕು ಸಾವಿರ ಖರ್ಚು ಮಾಡಬೇಕೇ ಎಂಬುದರಲ್ಲಿ ನನಗೆ ಸಂಶಯವಿದೆ. ತಳಿಗಳು ಚೆನ್ನಾಗಿ ಹೊಂದಿಕೊಂಡ ವರ್ಷದಲ್ಲೂ ಈ ಲಸಿಕೆ ವೈದ್ಯರ ಬಳಿ ಹೋಗಬೇಕಾಗುವಂಥ ಫ್ಲೂ ಸಂಭವವನ್ನು ಶೇಕಡಾ 40ರಿಂದ 60ರಷ್ಟು ಮಾತ್ರ ತಗ್ಗಿಸುತ್ತದೆ. ದಡಾರ ಲಸಿಕೆಯಂತೆ ಒಮ್ಮೆ ಹಾಕಿಸಿ ಮರೆಯುವಂಥದ್ದೂ ಇದಲ್ಲ. ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದ ಪಟ್ಟಿಯಲ್ಲೂ ಇದು ಇಲ್ಲ. ತಿಂಗಳ ಸಂಬಳವನ್ನು ಲೆಕ್ಕ ಹಾಕಿ ಖರ್ಚು ಮಾಡುವ ಕುಟುಂಬಗಳಿಗೆ ಎಲ್ಲರೂ ಹಾಕಿಸಿಕೊಳ್ಳಲೇಬೇಕೆಂದು ಹೇಳುವುದು ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ. ನಾನಾಗಿದ್ದರೆ ಅತ್ತೆಯವರಿಗೂ ಮಗುವಿಗೂ ಹಾಕಿಸಿ, ಉಳಿದ ಹಣವನ್ನು ಅತ್ತೆಯವರ ನ್ಯುಮೊಕಾಕಲ್ ಲಸಿಕೆಗೆ (ನ್ಯುಮೋನಿಯಾ ತರುವ ಒಂದು ಬ್ಯಾಕ್ಟೀರಿಯಾದ ವಿರುದ್ಧದ ಲಸಿಕೆ) ತೆಗೆದಿಡುತ್ತಿದ್ದೆ.

ಉತ್ತರ 3: ಸೂಕ್ಷ್ಮಜೀವಶಾಸ್ತ್ರದ ಅಧ್ಯಾಪಕ, ಮಡಗಾಂವ್

ಮೊದಲು ಜಿಬಿಎಸ್ ಭಯದ ಬಗ್ಗೆ ಹೇಳುತ್ತೇನೆ. ಅತ್ತೆಯವರ ಮನಸ್ಸಿನಲ್ಲಿರುವ ಗಂಟು ಅದೇ ಆಗಿರುವುದರಿಂದ ಅದನ್ನು ಬಿಡಿಸದೆ ಮುಂದೆ ಹೋಗುವುದು ಸರಿಯಲ್ಲ. ಅವರು ಹೆದರುವುದರಲ್ಲಿ ತಪ್ಪಿಲ್ಲ, ಅಂಥ ರೋಗಿಯನ್ನು ಕಂಡವರು ಯಾರಾದರೂ ಹೆದರುತ್ತಾರೆ. ಆದರೆ ಸಿಂಹಗಡ ರಸ್ತೆಯ ಭಾಗದಲ್ಲಿ ಹರಡಿದ ಕಾಯಿಲೆಗೂ ಯಾವ ಲಸಿಕೆಗೂ ನಂಟಿರಲಿಲ್ಲ. ಅಲ್ಲಿ ರೋಗಿಗಳ ಮಲದ ಮಾದರಿಗಳಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಜೆಜುನಿ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು, ಕುಡಿಯುವ ನೀರಿನ ಕಡೆಗೇ ಎಲ್ಲರ ಗಮನ ಹೋಯಿತು. ಈ ಬ್ಯಾಕ್ಟೀರಿಯಾದ ಹೊರಮೈಯಲ್ಲಿರುವ ಸಕ್ಕರೆಯ ಸರಪಳಿಗಳು ನಮ್ಮ ನರಗಳ ಮೇಲಿರುವ ಅಣುಗಳನ್ನು ಹೋಲುತ್ತವೆ. ಹೀಗಾಗಿ ಅದರ ವಿರುದ್ಧ ದೇಹವು ತಯಾರಿಸಿದ ಪ್ರತಿಕಾಯಗಳು ಕೆಲವರಲ್ಲಿ ಗುರುತು ತಪ್ಪಿ ನರಗಳ ಮೇಲೆಯೇ ಎರಗುತ್ತವೆ.

ಲಸಿಕೆಯ ಜೊತೆ ಈ ಹೆಸರು ಸೇರಿದ್ದು 1976ರಲ್ಲಿ. ಅಮೆರಿಕದಲ್ಲಿ ಆ ವರ್ಷ ಸುಮಾರು ನಾಲ್ಕೂವರೆ ಕೋಟಿ ಜನರಿಗೆ ಹಂದಿಜ್ವರದ ಲಸಿಕೆ ಹಾಕಿದಾಗ, ಲಕ್ಷಕ್ಕೆ ಸುಮಾರು ಒಬ್ಬರಂತೆ ಹೆಚ್ಚುವರಿ ಜಿಬಿಎಸ್ ಪ್ರಕರಣಗಳು ಕಂಡುಬಂದು ಕಾರ್ಯಕ್ರಮವನ್ನೇ ನಿಲ್ಲಿಸಲಾಯಿತು. ಇಂದಿನ ಲಸಿಕೆಗಳಲ್ಲಿ ಅಂಥ ಹೆಚ್ಚಳ ಇದ್ದರೂ ಹತ್ತು ಲಕ್ಷ ಡೋಸ್‌ಗಳಿಗೆ ಒಂದೋ ಎರಡೋ ಎಂದು ಅಂದಾಜಿಸಲಾಗಿದೆ. ಸ್ವತಃ ಫ್ಲೂ ಜ್ವರದಿಂದಲೂ ಜಿಬಿಎಸ್ ಬರಬಲ್ಲದು, ಆ ಸಂಭವ ಲಸಿಕೆಯದಕ್ಕಿಂತ ಹೆಚ್ಚು. ಅತ್ತೆಯವರಿಗೆ ಹಿಂದೆ ಎಂದಾದರೂ ಜಿಬಿಎಸ್ ಬಂದಿದ್ದರೆ, ಅಥವಾ ಫ್ಲೂ ಲಸಿಕೆಯ ಹಿಂದಿನ ಡೋಸ್‌ಗೆ ತೀವ್ರ ಅಲರ್ಜಿ ಆಗಿದ್ದರೆ ಮಾತ್ರ ವೈದ್ಯರೊಡನೆ ಬೇರೆಯಾಗಿ ಚರ್ಚಿಸಬೇಕು. ಚುಚ್ಚುಮದ್ದಿನಲ್ಲಿ ಜೀವಂತ ವೈರಸ್ ಇರುವುದಿಲ್ಲವಾದ್ದರಿಂದ ಅದರಿಂದ ಫ್ಲೂ ಬರಲಾರದು. ತೋಳು ನೋಯುವುದು, ಒಂದೆರಡು ದಿನ ಮೈ ಬೆಚ್ಚಗಾಗುವುದು ಸಾಮಾನ್ಯ.

ನಿಮ್ಮ ಮೈದುನ ಹೇಳಿದ್ದನ್ನು ನಾನು ಸುಳ್ಳೆನ್ನುವುದಿಲ್ಲ. ಆದರೆ ನೆಗಡಿ ತರುವ ವೈರಸ್‌ಗಳು ನೂರಾರಿವೆ, ಈ ಲಸಿಕೆ ಇನ್‌ಫ್ಲುಯೆಂಜಾ ಒಂದಕ್ಕೆ ಮಾತ್ರ. ಪರೀಕ್ಷೆ ಮಾಡಿಸದ ಜ್ವರವನ್ನು ಮುಂದಿಟ್ಟುಕೊಂಡು ಲಸಿಕೆ ಸೋತಿತೆಂದು ತೀರ್ಮಾನಿಸಲಾಗದು.

ವಾಕಡದ ಗೆಳೆಯರು ಕೊಟ್ಟ ಅಂಕಿ ಸರಿಯಾಗಿದೆ; ಆದರೆ ಅದರಿಂದ ನನಗೆ ತೋರುವ ದಾರಿ ಬೇರೆ. ವಯಸ್ಸಾದಂತೆ ಲಸಿಕೆಗೆ ದೇಹದ ಸ್ಪಂದನೆ ಕುಗ್ಗುತ್ತದೆ. ಅಂದರೆ ಯಾರಿಗೆ ರಕ್ಷಣೆ ಹೆಚ್ಚು ಬೇಕೋ ಅವರಿಗೇ ಅದು ಕಡಿಮೆ ದಕ್ಕುತ್ತದೆ. ಆ ಕೊರತೆಯನ್ನು ತುಂಬುವವರು ಅವರ ಸುತ್ತಲಿನವರು. ಹೋದ ವರ್ಷ ಜ್ವರವನ್ನು ಮನೆಯೊಳಗೆ ತಂದದ್ದು ಮಗು ಎಂದು ನೀವೇ ಬರೆದಿದ್ದೀರಿ. ಹಾಗಾಗಿ ಹಣ ಮಿತವಾಗಿದ್ದರೆ ಅತ್ತೆಯವರು ಮತ್ತು ಮಗು, ಅನುಕೂಲವಿದ್ದರೆ ನಾಲ್ವರೂ ಎನ್ನುತ್ತೇನೆ.

ಇಲ್ಲಿ ಯಾರೂ ಹೇಳದ ಒಂದು ಮಾತಿದೆ. ಒಂಬತ್ತು ವರ್ಷ ತುಂಬದ ಮಕ್ಕಳಿಗೆ ಮೊದಲ ಸಲ ಫ್ಲೂ ಲಸಿಕೆ ಕೊಡುವಾಗ ನಾಲ್ಕು ವಾರಗಳ ಅಂತರದಲ್ಲಿ ಎರಡು ಡೋಸ್ ಬೇಕು. ಮೇ ಕೊನೆಗೆ ಮೊದಲ ಡೋಸ್ ಹಾಕಿಸಿದರೆ ಎರಡನೆಯದು ಜೂನ್ ಕೊನೆಗೆ ಬರುತ್ತದೆ, ಪೂರ್ಣ ರಕ್ಷಣೆ ಸಿಗುವಷ್ಟರಲ್ಲಿ ಜುಲೈ ಅರ್ಧವಾಗಿರುತ್ತದೆ. ಆದ್ದರಿಂದ ಉಳಿದವರು ಯೋಚಿಸುತ್ತಿದ್ದರೂ ಮಗುವನ್ನು ಈ ವಾರವೇ ಕರೆದುಕೊಂಡು ಹೋಗಿ.

ಉತ್ತರ 4: ಡೊಂಬಿವಲಿಯ ತಾಯಿ

ನನ್ನದು ಚಿಕ್ಕ ಮಾತು. ಎರಡನೆಯ ಬಸುರಿಯಲ್ಲಿ ಏಳನೆಯ ತಿಂಗಳಲ್ಲಿ ನಾನು ಈ ಲಸಿಕೆ ಹಾಕಿಸಿಕೊಂಡೆ. ಆರು ತಿಂಗಳು ತುಂಬದ ಕೂಸಿಗೆ ಫ್ಲೂ ಲಸಿಕೆ ಕೊಡಲಾಗುವುದಿಲ್ಲ, ತಾಯಿಯಿಂದ ಹರಿದು ಬಂದ ಪ್ರತಿಕಾಯಗಳೇ ಅದಕ್ಕೆ ಆಸರೆ ಎಂದು ನನ್ನ ವೈದ್ಯೆ ವಿವರಿಸಿದ್ದರು. ನಮ್ಮ ಮಹಾರಾಷ್ಟ್ರದಲ್ಲಿ ಗರ್ಭಿಣಿಯರಿಗೂ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರಿಗೂ ಸರ್ಕಾರಿ ಆಸ್ಪತ್ರೆಗಳಲ್ಲಿ ಇದನ್ನು ಉಚಿತವಾಗಿ ಕೊಟ್ಟದ್ದುಂಟು. ಹಣ ಕೊಡುವ ಮೊದಲು ಹತ್ತಿರದ ಪಾಲಿಕೆಯ ದವಾಖಾನೆಯಲ್ಲಿ ಅತ್ತೆಯವರಿಗಾಗಿ ಒಮ್ಮೆ ವಿಚಾರಿಸಿ ನೋಡಿ.

ಮತ್ತೆ: ಕೋಥ್ರೂಡದ ಗೃಹಿಣಿ

ನಿಮ್ಮೆಲ್ಲರಿಗೂ ಋಣಿಯಾಗಿದ್ದೇನೆ. ಮಡಗಾಂವ್‌ನ ಸರ್ ಬರೆದದ್ದನ್ನು ನಾನು ಅತ್ತೆಯವರ ಪಕ್ಕದಲ್ಲಿ ಕುಳಿತು ಎರಡು ಸಲ ಓದಿ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಆ ಕಾಯಿಲೆ ನೀರಿನಿಂದ ಬಂದದ್ದಾದರೆ ಸೇವೆಗೆ ಹೋದಾಗ ಮನೆಯಿಂದ ಕಾಯಿಸಿದ ನೀರನ್ನೇ ಒಯ್ಯುತ್ತೇನೆ, ಸೂಜಿಗೂ ಬರುತ್ತೇನೆ ಎಂದರು. ಪಾಲಿಕೆಯ ದವಾಖಾನೆಯಲ್ಲಿ ಕೇಳಿದೆವು, ಸದ್ಯ ದಾಸ್ತಾನು ಇರಲಿಲ್ಲ. ಶನಿವಾರ ಮನೆಯ ವೈದ್ಯರಲ್ಲಿಗೇ ಹೋಗಿ, ಪಿಂಪ್ರಿಯ ಅಕ್ಕನವರು ಹೇಳಿದಂತೆ ಪೆಟ್ಟಿಗೆಯನ್ನು ಓದಿ ನೋಡಿಯೇ ಅತ್ತೆಯವರಿಗೂ ಮಗನಿಗೂ ನನಗೂ ಹಾಕಿಸಿದೆವು. ಅತ್ತೆಯವರಿಗೆ ಒಂದು ದಿನ ತೋಳು ನೋವಿತ್ತು, ಮಗನಿಗೆ ಏನೂ ಆಗಲಿಲ್ಲ.

ಪತಿ ಇನ್ನೂ ವಾಕಡದ ಗೆಳೆಯರ ಪಕ್ಷದಲ್ಲಿದ್ದಾರೆ. ಮುಂದಿನ ತಿಂಗಳ ಸಂಬಳ ಬಂದ ಮೇಲೆ ಮತ್ತೆ ಕೇಳುತ್ತೇನೆ. ಲಸಿಕೆ ಹಾಕಿಸಿದ್ದರೂ ಅತ್ತೆಯವರಿಗೆ ಜ್ವರ ಬಂದರೆ ಮನೆಮದ್ದಿನಲ್ಲಿ ದಿನ ಕಳೆಯದೆ 48 ಗಂಟೆಗಳೊಳಗೆ ತಮಗೆ ತೋರಿಸಬೇಕೆಂದು ವೈದ್ಯರು ಹೇಳಿದ್ದಾರೆ, ಫ್ಲೂ ವೈರಸ್ ವಿರುದ್ಧದ ಒಸೆಲ್ಟಾಮಿವಿರ್ ಮಾತ್ರೆ ಅಷ್ಟರೊಳಗೆ ಶುರುವಾದರೆ ಹೆಚ್ಚು ಕೆಲಸ ಮಾಡುತ್ತದಂತೆ. ಮಗನ ಎರಡನೆಯ ಡೋಸಿನ ದಿನಾಂಕವನ್ನು ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಅತ್ತೆಯವರೇ ಗುರುತು ಹಾಕಿಟ್ಟಿದ್ದಾರೆ.